ಚೆಂಡಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ನಮ್ಮ ಬೀದಿಯಲ್ಲಿ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಅವನು ಸಂಜೆ ಮನೆಗೆ ಹೊತ್ತು ತರುವ ಉತ್ತರಪತ್ರಿಕೆಗಳ ಕಟ್ಟಿನಿಂದ. ಶಾಲೆ ಹತ್ತಿರದಲ್ಲೇ ಇರುವುದರಿಂದ ಬೀದಿಯ ತುಂಬ ಮೇಷ್ಟ್ರುಗಳೇ. ಪರೀಕ್ಷೆ ಮುಗಿದ ವಾರ ಸಂಜೆಯಾಯಿತೆಂದರೆ ಒಬ್ಬೊಬ್ಬರೂ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಕೆಂಪು ಪೆನ್ನು ಹಿಡಿದು, ಹುಬ್ಬು ಗಂಟಿಕ್ಕಿ ಕೂರುತ್ತಾರೆ. ಒಳಗೆ ಬೆಳಕು ಸಾಲದು ಎಂದು ಕಾರಣ ಹೇಳುತ್ತಾರೆ. ಅದು ಸುಳ್ಳು. ಒಳಗೆ ಕೂತರೆ ಯಾರಿಗೂ ಕಾಣುವುದಿಲ್ಲ.

ಎದುರುಮನೆಯ ಗಣಿತದ ಮೇಷ್ಟ್ರ ಕಟ್ಟು ಬೀದಿಯಲ್ಲೆಲ್ಲ ದಪ್ಪ. ಅವರ ಹೆಂಡತಿ ಹಾಲಿನವನ ಜೊತೆ ಮಾತಾಡುವಾಗಲೂ "ನಮ್ಮನೆಯವರಿಗೆ ತಿದ್ದೀ ತಿದ್ದೀ ಬೆರಳೆಲ್ಲ ನೋವು" ಎಂದು ಸೇರಿಸದೆ ಬಿಡುವುದಿಲ್ಲ. ಹಾಲಿನವನು ಅಯ್ಯೋ ಪಾಪ ಎಂದು ಒಂದು ತೊಟ್ಟು ಹೆಚ್ಚಿಗೆ ಸುರಿಯುತ್ತಾನೆ.

ಇಂಥ ಬೀದಿಯಲ್ಲಿ ಕಟ್ಟೇ ಇಲ್ಲದ ಮೇಷ್ಟ್ರು ಒಬ್ಬರಿದ್ದರು. ಅವರು ನಮ್ಮ ಭಾವ, ಅಕ್ಕನ ಗಂಡ, ಪೀಟಿ ಮೇಷ್ಟ್ರು. ನಾನು ಅದೇ ಶಾಲೆಯಲ್ಲಿ ಗುಮಾಸ್ತ. ಅಕ್ಕ ಭಾವ ಮಹಡಿಯ ಮೇಲೆ, ನಾನು ಮತ್ತು ಅಮ್ಮ ಕೆಳಗೆ. ಹೀಗಾಗಿ ಭಾವನ ಕಷ್ಟವನ್ನು ಹಗಲು ಶಾಲೆಯಲ್ಲೂ ಸಂಜೆ ಮನೆಯಲ್ಲೂ ಕಣ್ತುಂಬ ನೋಡುವ ಭಾಗ್ಯ ನನ್ನದಾಗಿತ್ತು.

ಪೀಟಿ ಮೇಷ್ಟ್ರಿಗೆ ಶಾಲೆಯಲ್ಲಿ ಕೆಲಸವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಭೆಯಾದರೆ ಕುರ್ಚಿ ಜೋಡಿಸುವವರು ಅವರು. ಮೈಕು ಕೆಟ್ಟರೆ ಅವರು. ಯಾವುದಾದರೂ ಮಗು ವಾಂತಿ ಮಾಡಿಕೊಂಡರೆ ಮನೆಗೆ ಮುಟ್ಟಿಸುವವರು ಅವರು. ಶೌಚಾಲಯದ ಹಿಂದೆ ಹಾವು ಕಂಡಾಗ ಹೆಡ್ ಮಾಸ್ಟ್ರು "ಪೀಟಿಯವರನ್ನ ಕರೀರಿ" ಎಂದು ಕೂಗಿದ್ದನ್ನು ನಾನೇ ಕೇಳಿದ್ದೇನೆ. ಅವರಿಗೆ ಇಲ್ಲದ ಕೆಲಸ ಒಂದೇ, ಆಟ ಆಡಿಸುವುದು. ಮೈದಾನದ ಅರ್ಧ ಭಾಗದಲ್ಲಿ ಎಂದೋ ಕಟ್ಟಲಿರುವ ಕೊಠಡಿಯ ಇಟ್ಟಿಗೆ. ಇನ್ನರ್ಧದಲ್ಲಿ ಮೇಷ್ಟ್ರುಗಳ ಸ್ಕೂಟರು. ಶಾಲೆಗೆಲ್ಲ ಇದ್ದ ಒಂದೇ ಚೆಂಡು ಹೆಡ್ ಮಾಸ್ಟ್ರ ಬೀರುವಿನಲ್ಲಿ ಬೀಗದೊಳಗಿತ್ತು. ಆಡಿದರೆ ಸವೆಯುತ್ತದೆ ಎಂಬುದು ಅವರ ಕಾಳಜಿ. ಇಷ್ಟರ ಮೇಲೆ ಗುರುವಾರದ ಕೊನೆಯ ಪೀರಿಯಡ್ಡು ಒಂದಿತ್ತು. ಅದಕ್ಕೆ ಬೆಲ್ಲು ಹೊಡೆಯುವ ಮೊದಲೇ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತಿರುತ್ತಿದ್ದರು. "ಪೋರ್ಷನ್ ಮುಗಿದಿಲ್ಲ ಮಾರಾಯ್ರೇ, ಇದೊಂದು ಪೀರಿಯಡ್ ಕೊಡಿ. ನಿಮ್ಮದೇನು, ಯಾವಾಗ ಬೇಕಾದ್ರೂ ಓಡಬಹುದು."

ಭಾವ ಕೊಡುತ್ತಿದ್ದರು. ಕೊಟ್ಟು ಕೊಟ್ಟು ಅವರ ಸೀಟಿ ಮೇಜಿನ ಖಾನೆಯಲ್ಲಿ ತುಕ್ಕು ಹಿಡಿಯುತ್ತಿತ್ತು.

ಇದನ್ನೆಲ್ಲ ಅವರು ಸಹಿಸಿಕೊಂಡಿದ್ದರು. ಸಹಿಸಲಾಗದ್ದು ನಡೆದದ್ದು ಮನೆಯ ಮುಂದೆ. ಪರೀಕ್ಷೆ ಮುಗಿದ ಒಂದು ಸಂಜೆ, ಬೀದಿಯ ಮೇಷ್ಟ್ರುಗಳೆಲ್ಲ ಕಟ್ಟು ಬಿಚ್ಚಿ ಕೂತಿದ್ದಾಗ, ನಮ್ಮಮ್ಮ ಹೊರಗೆ ಬಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಅಳಿಯಂದ್ರೇ, ನಿಮಗೆ ತಿದ್ದೋಕೇನೂ ಇಲ್ವಾ? ಸುಮ್ನೆ ಕೂತಿದೀರಲ್ಲ, ಈ ಬಟಾಣಿನಾದ್ರೂ ಬಿಡಿಸಿ ಕೊಡಿ."

ಭಾವ ಬಿಡಿಸಿದರು. ಎದುರುಮನೆಯ ಗಣಿತದ ಮೇಷ್ಟ್ರು ಕೆಂಪು ಪೆನ್ನನ್ನು ಗಾಳಿಯಲ್ಲೇ ನಿಲ್ಲಿಸಿ ಅದನ್ನು ನೋಡಿದರು. ನೋಡಿ, ಮತ್ತೆ ತಿದ್ದತೊಡಗಿದರು. ಅದೇ ಭಾವನಿಗೆ ಹೆಚ್ಚು ಚುಚ್ಚಿತು.

ಬಟಾಣಿ ಮುಗಿದ ಮೇಲೆ ಅವರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ನಾನೂ ಪರೀಕ್ಷೆ ಇಡ್ತೀನಿ ಕಣಯ್ಯಾ" ಎಂದರು.

"ಯಾವ ಪರೀಕ್ಷೆ ಭಾವ? ಓಟದ್ದಾ?"

"ಓಟದ್ದೇ. ಆದ್ರೆ ಬರೆಯೋದು."

ಪ್ರಶ್ನೆಪತ್ರಿಕೆಯನ್ನು ಟೈಪ್ ಮಾಡಿದವನು ನಾನೇ. ಓಟ ಎಂದರೇನು? ಓಟಕ್ಕೂ ನಡಿಗೆಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ. ಚೆಂಡಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ. ‘ರೆಡಿ, ಒನ್, ಟೂ, ತ್ರೀ’ ಎಂಬ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭ ಸಹಿತ ವಿವರಿಸಿ.

"ಭಾವ, ಚೆಂಡಿಗೆ ಎಂಥ ಭಾಗ?" ಎಂದೆ.

"ವಿಜ್ಞಾನದವರು ಹೂವಿಗೆ ಕೇಳ್ತಾರೆ, ಕಪ್ಪೆಗೆ ಕೇಳ್ತಾರೆ. ನಾನು ಚೆಂಡಿಗೆ ಕೇಳಿದ್ರೆ ಮಾತ್ರ ನಿನಗೆ ನಗು ಬರುತ್ತಾ?"

ಹೆಡ್ ಮಾಸ್ಟ್ರು ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಅವರು ಕನ್ನಡಕ ಏರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಪೀಟಿ ಪೀರಿಯಡ್ಡಲ್ಲಿ ಮಕ್ಕಳು ಕೂತ್ಕೊಂಡು ಬರೀತಾರಾ? ಗಲಾಟೆ ಇರಲ್ವಾ?"

"ಇರಲ್ಲ ಸಾರ್."

"ಇಷ್ಟು ವರ್ಷ ಎಲ್ಲಿದ್ರಿ ನೀವು?" ಎಂದರು ಹೆಡ್ ಮಾಸ್ಟ್ರು. ಅವರ ದನಿ ನಿಜಕ್ಕೂ ಗದ್ಗದವಾಗಿತ್ತು.

ಹಾಗೆ ಕಿರುಪರೀಕ್ಷೆಯಲ್ಲಿ ಪೀಟಿಯೂ ಒಂದು ವಿಷಯವಾಯಿತು. ಉತ್ತರವನ್ನು ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು, ಪ್ರತಿ ಉತ್ತರಕ್ಕೂ ಹೊಸ ಹಾಳೆ ತೆಗೆದುಕೊಳ್ಳಬೇಕು ಎಂದು ಭಾವ ಕಟ್ಟಪ್ಪಣೆ ಮಾಡಿದ್ದರು. ಸಂಜೆ ಅವರು ಕಟ್ಟನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದು ಬಂದರು. ನಮ್ಮ ಮನೆ ಈ ತುದಿಯಲ್ಲಿಲ್ಲ, ನಡುವೆ ಇದೆ. ತುದಿ ಮುಟ್ಟಿ ಹಿಂತಿರುಗಿ ಬಂದರು.

ಮನೆಯ ಮುಂದೆ ಕುರ್ಚಿ ಬಿತ್ತು. ಅಕ್ಕ ಕೇಳದೆಯೇ ಕಾಫಿ ತಂದಳು. ಅಮ್ಮ ಪಕ್ಕದ ಮನೆಯ ಮಕ್ಕಳನ್ನು ಗದರಿಸಿದಳು: "ಮೆಲ್ಲಗೆ ಮಾತಾಡ್ರೋ, ನಮ್ಮ ಅಳಿಯಂದ್ರು ತಿದ್ದುತಾ ಇದಾರೆ!" ಬಟಾಣಿಯ ಬುಟ್ಟಿ ಅಂದಿನಿಂದ ನನ್ನ ತೊಡೆಯ ಮೇಲೆ ಬಂತು.

ಕಟ್ಟಿನ ಮೇಲಿದ್ದದ್ದು ‘ಪೀಠಿಕೆ’ಯ ಪತ್ರಿಕೆ. ಪೀಠಿಕೆ ಎಂದರೆ ವಕೀಲರ ಮಗ, ಎಲ್ಲ ವಿಷಯಕ್ಕೂ ಮೊದಲು ಬರುವ ಹುಡುಗ. ಯಾವ ಪ್ರಶ್ನೆಗೂ ಪೀಠಿಕೆ ಹಾಕದೆ ಉತ್ತರ ಬರೆಯುವುದಿಲ್ಲವಾದ್ದರಿಂದ ಆ ಹೆಸರು. ‘ಪೀಠಿಕೆ: ಮಾನವನ ಜೀವನದಲ್ಲಿ ಓಟವು ಮಹತ್ವದ ಸ್ಥಾನವನ್ನು ಪಡೆದಿದೆ’ ಎಂದು ಶುರುಮಾಡಿ, ಎರಡು ಹಾಳೆ ದಾಟಿ, ಉಪಸಂಹಾರದಲ್ಲಿ ಓಟವನ್ನು ಮುಂದಿನ ಪೀಳಿಗೆಗೆ ಉಳಿಸಿಕೊಡಬೇಕೆಂದು ಕರೆಕೊಟ್ಟಿದ್ದ. ಭಾವ ಒಂದೊಂದು ಸಾಲಿಗೂ ತಲೆದೂಗಿ ಅಂಕ ಹಾಕಿದರು.

ತಳದಲ್ಲಿದ್ದದ್ದು ‘ಬಾಣ’ದ ಪತ್ರಿಕೆ. ಈ ಹುಡುಗಿ ದಿನಾ ತಡವಾಗಿ ಹೊರಟು, ಬೆಲ್ಲಿನ ಮೊದಲ ಏಟಿಗೆ ಗೇಟಿನಲ್ಲಿದ್ದು ಕೊನೆಯ ಏಟಿಗೆ ಕೊನೆಯ ಬೆಂಚಿನಲ್ಲಿರುತ್ತಿದ್ದಳು. ನಡುವಿನಲ್ಲಿ ಅವಳು ಯಾರ ಕಣ್ಣಿಗೂ ಸರಿಯಾಗಿ ಬೀಳುತ್ತಿರಲಿಲ್ಲ. ಓದಿನಲ್ಲಿ ಅವಳು ಪಾಸಾದ ದಾಖಲೆ ನನ್ನ ಕಚೇರಿಯಲ್ಲಿ ಇರಲಿಲ್ಲ. ಅವಳು ಬರೆದಿದ್ದಳು: ‘ಓಟ ಎಂದರೆ ಓಡೋದು.’ ಓಟಕ್ಕೂ ನಡಿಗೆಗೂ ವ್ಯತ್ಯಾಸ: ‘ನಡೆದರೆ ಬೆಲ್ಲು ಮುಗಿದುಹೋಗುತ್ತೆ.’ ರೆಡಿ, ಒನ್, ಟೂ, ತ್ರೀ ಯಾರು ಯಾರಿಗೆ ಹೇಳಿದರು ಎಂಬ ಪ್ರಶ್ನೆಗೆ: ‘ನಮಗೆ ಇನ್ನೂ ಯಾರೂ ಹೇಳಿಲ್ಲ.’

ಭಾವನ ಕೆಂಪು ಪೆನ್ನು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಎದುರುಮನೆಯಿಂದ ಗಣಿತದ ಮೇಷ್ಟ್ರು ಈ ಕಡೆಯೇ ನೋಡುತ್ತಿದ್ದರು. ಭಾವ ಸೊನ್ನೆ ಸುತ್ತಿದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮರುವಾರ ಪೀಠಿಕೆಯ ಅಪ್ಪ, ವಕೀಲರು, ಕೋಟು ಹಾಕಿಕೊಂಡೇ ಹೆಡ್ ಮಾಸ್ಟ್ರ ಕೊಠಡಿಗೆ ಬಂದರು. ಮಗ ಚೆಂಡಿನ ಚಿತ್ರದಲ್ಲಿ ‘ಒಳಗಿನ ಗಾಳಿ’ ಎಂದು ಗುರುತಿಸಿದ್ದಕ್ಕೆ ಭಾವ ಅರ್ಧ ಅಂಕ ಕಳೆದಿದ್ದರು.

"ಗಾಳಿ ಚೆಂಡಿನ ಭಾಗ ಅಲ್ವಾ?" ಎಂದರು ವಕೀಲರು. "ಗಾಳಿ ಇಲ್ದೆ ಅದು ಚೆಂಡು ಹೇಗಾಗುತ್ತೆ, ಹೇಳಿ ನೋಡೋಣ."

"ಗಾಳಿ ಹೊರಗೂ ಇದೆಯಲ್ಲ ಸಾರ್," ಎಂದರು ಭಾವ.

"ಹೊರಗಿನ ಗಾಳಿ ವಿಚಾರ ನಾನು ಎತ್ತೇ ಇಲ್ಲ. ಒಳಗಿನ ಗಾಳಿ ಇದೆಯೋ ಇಲ್ಲವೋ? ಒಂದೇ ಮಾತಲ್ಲಿ ಹೇಳಿ."

ಹೆಡ್ ಮಾಸ್ಟ್ರು ಎರಡೂ ಕಡೆ ನೋಡಿ, ಬೀರುವಿನ ಬೀಗ ತೆಗೆದು, ಚೆಂಡನ್ನು ಹೊರಗಿಟ್ಟು, ವಿಜ್ಞಾನದ ಮೇಷ್ಟ್ರನ್ನು ಕರೆಸಿದರು. ವಿಜ್ಞಾನದ ಮೇಷ್ಟ್ರು ಬ್ಲೇಡು ತಂದರು. ನಾವೆಲ್ಲ ಸುತ್ತ ನಿಂತೆವು. ‘ಪಿಸ್ಸ್’ ಎಂಬ ಸಣ್ಣ ಸದ್ದಾಯಿತು.

"ಕೇಳಿಸ್ತಾ? ಗಾಳಿ!" ಎಂದರು ವಕೀಲರು.

ಅರ್ಧ ಅಂಕ ವಾಪಸು ಸಿಕ್ಕಿತು. ಚೆಂಡನ್ನು ಹರವಿ, ಹಲಗೆಗೆ ಮೊಳೆ ಹೊಡೆದು, ಭಾಗಗಳಿಗೆ ಚೀಟಿ ಅಂಟಿಸಿ ಪ್ರಯೋಗಾಲಯದಲ್ಲಿ ಕಪ್ಪೆಯ ಪಕ್ಕ ನೇತುಹಾಕಿದರು. ಮಕ್ಕಳು ಸಾಲಾಗಿ ಹೋಗಿ ನೋಡಿ ಬಂದರು. ಶಾಲೆಯ ಚೆಂಡನ್ನು ಅಷ್ಟು ಹತ್ತಿರದಿಂದ ಅವರು ನೋಡಿದ್ದು ಅದೇ ಮೊದಲು.

ಅರ್ಧ ಅಂಕಕ್ಕೆ ವಕೀಲರೇ ಬಂದರೆಂದರೆ ಅದು ಗಂಭೀರವಾದ ವಿಷಯವೇ ಇರಬೇಕು ಎಂದು ಊರಿಗೆ ಮನವರಿಕೆಯಾಯಿತು. ಗಣಿತದ ಮೇಷ್ಟ್ರು ತಡಮಾಡದೆ ಪೀಟಿಗೆ ಟ್ಯೂಷನ್ ಶುರುಮಾಡಿದರು. ಸಂಜೆ ನಾನು ಬಟಾಣಿ ಬಿಡಿಸುತ್ತ ಕೂತರೆ ಎದುರುಮನೆಯಿಂದ ಮಕ್ಕಳ ಒಕ್ಕೊರಲು ಕೇಳುತ್ತಿತ್ತು: "ಓಡುವಾಗ ದೃಷ್ಟಿ ಮುಂದಿರಬೇಕು! ಮೊಣಕೈ ಮಡಚಿರಬೇಕು! ಉಸಿರು ಮೂಗಿನಿಂದ ಎಳೆಯಬೇಕು!" ಬೀದಿಯಲ್ಲಿ ಯಾವ ಮಗುವಾದರೂ ಓಡಿದರೆ ತಾಯಂದಿರು ಕಿಟಕಿಯಿಂದ ಬಯ್ಯುತ್ತಿದ್ದರು: "ಪೀಟಿ ಪರೀಕ್ಷೆ ಹತ್ರ ಬಂತು, ಓಡ್ಕೊಂಡು ಕಾಲ ಕಳೀತೀಯಲ್ಲ, ಒಳಗೆ ಬಂದು ಓದ್ಕೋ!"

ಗುರುವಾರದ ಪೀರಿಯಡ್ಡನ್ನು ಈಗ ಯಾರೂ ಕೇಳುತ್ತಿರಲಿಲ್ಲ. ಭಾವ ಅದರಲ್ಲಿ ನೋಟ್ಸ್ ಬರೆಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರಿಗೆ ಫ್ಯಾನಿನ ಕೆಳಗಿನ ಜಾಗ ಸಿಕ್ಕಿತು. ಹಾವು ಕಂಡರೆ ಡ್ರಾಯಿಂಗ್ ಮೇಷ್ಟ್ರನ್ನು ಕರೆಯುವುದು ಎಂದಾಯಿತು. ಭಾವನಿಗೆ ಸಣ್ಣಗೆ ಹೊಟ್ಟೆಯೂ ಬಂತು. ಅಮ್ಮ ಅದನ್ನು ವಿದ್ವತ್ತಿನ ಲಕ್ಷಣವೆಂದು ಪರಿಗಣಿಸಿದಳು.

ಅಷ್ಟರಲ್ಲಿ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಸಾಹೇಬರು ಪೀಟಿ ಪೀರಿಯಡ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಮಕ್ಕಳೆಲ್ಲ ತಲೆಬಗ್ಗಿಸಿ ‘ಜಿಗಿತದ ಉಪಯೋಗಗಳು’ ಬರೆದುಕೊಳ್ಳುತ್ತಿದ್ದರು.

"ಧೂಳಿಲ್ಲ," ಎಂದರು ಸಾಹೇಬರು. "ಗಲಾಟೆ ಇಲ್ಲ. ಯಾರ ಮೊಣಕಾಲೂ ತರಚಿಲ್ಲ. ಇದು ಕಣ್ರೀ ದೈಹಿಕ ಶಿಕ್ಷಣ ಅಂದ್ರೆ."

ಸಾಹೇಬರು ಹೋದ ಕೆಲವೇ ದಿನಗಳಲ್ಲಿ ಸುತ್ತಲಿನ ಶಾಲೆಗಳಿಗೆಲ್ಲ ಸುತ್ತೋಲೆ ಹೋಯಿತು. ಇನ್ನು ಮುಂದೆ ಎಲ್ಲೆಡೆ ಪೀಟಿಗೆ ಲಿಖಿತ ಪರೀಕ್ಷೆ. ಈ ಸಲದ ಶಾಲಾ ಕ್ರೀಡಾಕೂಟಕ್ಕೆ ಓಟಗಾರರ ಆಯ್ಕೆ ಅಂಕಗಳ ಆಧಾರದ ಮೇಲೆ. ಫೇಲಾದ ಮಕ್ಕಳನ್ನೂ ಕೂಟಕ್ಕೆ ಕರೆತರಬೇಕು, ಅವರು ಪಾಸಾದವರಿಗೆ ನೀರು ಕೊಡುತ್ತ, ಅವರ ಓಟ ನೋಡಿ ಕಲಿಯಬೇಕು. ಈ ಪದ್ಧತಿಯನ್ನು ಕಂಡುಹಿಡಿದ ಮೇಷ್ಟ್ರಿಗೆ ವೇದಿಕೆಯ ಮೇಲೆ, ಸಾಹೇಬರ ಪಕ್ಕದಲ್ಲೇ ಕುರ್ಚಿ.

ಜನ್ಮವೆಲ್ಲ ಬೇರೆಯವರಿಗೆ ಕುರ್ಚಿ ಜೋಡಿಸಿದ ಮನುಷ್ಯ ಆ ಸುತ್ತೋಲೆಯನ್ನು ನನ್ನ ಕೈಯಿಂದ ಮೂರು ಸಲ ಓದಿಸಿ ಕೇಳಿದರು.

ನಾನು ಮೂರನೆಯ ಸಲ ಓದುತ್ತಿದ್ದಾಗಲೇ ಬಾಣ ಕಚೇರಿಯ ಬಾಗಿಲಿಗೆ ಬಂದು ನಿಂತಳು. ಓಡಿ ಬಂದಿದ್ದಳು, ಆದರೆ ಏದುಸಿರಿರಲಿಲ್ಲ.

"ಸಾರ್, ಕೂಟದ ಓಟಕ್ಕೆ ನನ್ನ ಹೆಸರು ಬರ್ಕೊಂಡ್ರಾ?"

ಭಾವ ನನ್ನ ಮುಖ ನೋಡಿದರು. ನಾನು ಟೈಪ್ ಮಷಿನ್ನಿನ ಮುಖ ನೋಡಿದೆ.

"ಇಲ್ಲಮ್ಮ," ಎಂದರು ಭಾವ. "ನೀನು ಓಟದಲ್ಲಿ ಫೇಲಾಗಿದೀಯಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದು ಅವಳ ತಪ್ಪೆಂದು ನನಗೂ ಅನ್ನಿಸಲಿಲ್ಲ. "ಇದೇ ಕೊನೇ ವರ್ಷ ಸಾರ್," ಎಂದಳು. "ಬರೋ ವರ್ಷದಿಂದ ಅಮ್ಮನ ಜೊತೆ ಬಟ್ಟೆ ಅಂಗಡೀಲಿ ಕೆಲ್ಸ. ಗೆದ್ದವರಿಗೆ ಕೊಡೋ ಕಪ್ಪು ಗಿಪ್ಪು ಬೇಡ ಸಾರ್. ಬಿಳೀ ಗೆರೆ ಎಳೆದಿರ್ತಾರಲ್ಲ, ಅದರ ಮೇಲೆ ಒಂದೇ ಒಂದ್ಸಲ ಓಡ್ಬೇಕು, ಅಷ್ಟೇ."

"ಸುತ್ತೋಲೆ ಬಂದಿದೆಯಮ್ಮ," ಎಂದರು ಭಾವ. "ನನ್ನ ಕೈಲೇನಿದೆ?"

ಎಲ್ಲವೂ ಅವರ ಕೈಯಲ್ಲೇ ಇತ್ತು. ಅಂದು ಸಂಜೆ ಅವರು ಕುರ್ಚಿಯನ್ನು ಮನೆಯ ಮುಂದೆ ಹಾಕಲಿಲ್ಲ. ಒಳಗೆ ಬಂದು, ನನ್ನ ತೊಡೆಯ ಮೇಲಿನ ಬುಟ್ಟಿಯನ್ನು ಕಿತ್ತುಕೊಂಡು, ತಾವೇ ಬಟಾಣಿ ಬಿಡಿಸತೊಡಗಿದರು. "ಅಳಿಯಂದ್ರಿಗೆ ಹುಷಾರಿಲ್ವಾ?" ಎಂದು ಅಮ್ಮ ಅಕ್ಕನನ್ನು ಕೇಳಿದಳು. ನಾನೂ ಪಕ್ಕ ಕೂತು ಒಂದು ಹಿಡಿ ಬಟಾಣಿ ತೆಗೆದುಕೊಂಡೆ.

ಕ್ರೀಡಾಕೂಟದ ದಿನ ಬಂತು. ದೊಡ್ಡ ಮೈದಾನ. ಅದರ ಮೇಲೆ ನಿಜವಾದ ಬಿಳಿ ಗೆರೆಗಳು. ವೇದಿಕೆಯ ಮೇಲೆ ಸಾಹೇಬರು, ಅವರ ಎಡಕ್ಕೆ ಹೆಡ್ ಮಾಸ್ಟ್ರು, ಬಲಕ್ಕೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಮ್ಮ ಭಾವ. ಅಮ್ಮ, ಅಕ್ಕ ಎದುರಿನ ಸಾಲಿನಲ್ಲಿ ಕೂತು, ಅವರು ನಮ್ಮವರೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ನಾನು ವೇದಿಕೆಯ ಹಿಂದೆ ಕಾಗದಪತ್ರ ಹಿಡಿದು ನಿಂತಿದ್ದೆ.

ಓಟದ ಗೆರೆಗೆ ಎಲ್ಲ ಶಾಲೆಗಳ ಪ್ರತಿಭಾವಂತರು ಬಂದು ನಿಂತರು. ಬಹುಪಾಲು ಕನ್ನಡಕದವರು. ಒಬ್ಬನ ಬಗಲಲ್ಲಿ ನೋಟ್ಸ್ ಇತ್ತು. ಸೀಟಿ ಊದುವವರು "ರೆಡಿ" ಎನ್ನುತ್ತಿದ್ದಂತೆ ನಮ್ಮ ಪೀಠಿಕೆ ಕೈಯೆತ್ತಿದ.

"ಸಾರ್, ಮೊದಲು ಎಡಗಾಲಾ, ಬಲಗಾಲಾ?"

"ಯಾವುದಾದ್ರೂ ಇಡಪ್ಪಾ."

"ಹಾಗಂದ್ರೆ ಹೇಗೆ ಸಾರ್? ನಮ್ಮ ನೋಟ್ಸಲ್ಲಿ ಎಡಗಾಲಿದೆ."

"ನಮ್ಮದರಲ್ಲಿ ಬಲಗಾಲು!" ಎಂದ ಪಕ್ಕದ ಶಾಲೆಯವನು. ಎರಡೂ ಕಡೆಯ ಟ್ಯೂಷನ್ ಮೇಷ್ಟ್ರುಗಳು ಗೆರೆಯ ಹತ್ತಿರ ಓಡಿ ಬಂದರು. ಅಂದಿನ ದಿನ ಅಲ್ಲಿಯವರೆಗೆ ಯಾರಾದರೂ ಓಡಿದ್ದರೆ ಅವರಿಬ್ಬರೇ. ವಕೀಲರು ನಡುವೆ ನಿಂತು, ಈ ಪ್ರಶ್ನೆಯನ್ನು ಮುಂದಿನ ವಿಚಾರಣೆಗೆ ಕಾದಿರಿಸಿ ಸದ್ಯಕ್ಕೆ ಇಷ್ಟಬಂದ ಕಾಲಿಡಬಹುದು ಎಂದು ರಾಜಿ ಮಾಡಿಸಿದರು.

ಸೀಟಿ ಮೊಳಗಿತು. ಪ್ರತಿಭಾವಂತರು ಓಡಿದರು. ಮೊಣಕೈ ಮಡಚಿ, ದೃಷ್ಟಿ ಮುಂದಿಟ್ಟು, ಉಸಿರನ್ನು ಮೂಗಿನಿಂದ ಎಳೆದು, ಹೀಗೆ ಒಂದೊಂದನ್ನೂ ನೆನಪಿಸಿಕೊಳ್ಳುತ್ತ, ಅನುಕ್ರಮ ತಪ್ಪಿದವರು ನಿಂತು ಮತ್ತೆ ಮೊದಲಿಂದ ಶುರುಮಾಡುತ್ತ ಓಡಿದರು. ಒಬ್ಬಳು ಮೂಗಿನಿಂದ ಎಳೆದ ಉಸಿರನ್ನು ಎಲ್ಲಿಂದ ಬಿಡಬೇಕೆಂಬುದನ್ನು ಮರೆತು, ಕೆನ್ನೆಯುಬ್ಬಿಸಿಕೊಂಡು ಕೂತೇಬಿಟ್ಟಳು. ಪೀಠಿಕೆ ಎಲ್ಲರಿಗಿಂತ ಮುಂದಿದ್ದ. ಅರ್ಧ ಮೈದಾನ ಮುಟ್ಟಿದವನೇ ತಟ್ಟನೆ ನಿಂತು ಕೈಕಟ್ಟಿಕೊಂಡ. ಅವನನ್ನು ನೋಡಿ ಮಿಕ್ಕವರೂ ನಿಂತರು.

"ಓಡೋ! ಯಾಕೋ ನಿಂತೆ?" ಎಂದು ವಕೀಲರು ಕೂಗಿದರು.

"ಕಿರುಪರೀಕ್ಷೆಗೆ ಇಷ್ಟೇ ಅಪ್ಪಾ ಪೋರ್ಷನ್! ಇಲ್ಲಿಂದ ಆಚೆದು ಅರ್ಧವಾರ್ಷಿಕಕ್ಕೆ!"

ಕೊನೆಯಲ್ಲಿ ಕಟ್ಟಿದ್ದ ರಿಬ್ಬನ್ನು ಹಾಗೇ ಗಾಳಿಗೆ ಅಲುಗಾಡುತ್ತಿತ್ತು. ಸಾಹೇಬರು ಹೆಡ್ ಮಾಸ್ಟ್ರ ಕಡೆ ಬಾಗಿದರು. ಯಾರೂ ಮುಗಿಸದ ಓಟದಲ್ಲಿ ಮೊದಲ ಸ್ಥಾನ ಯಾರಿಗೆ ಎಂಬ ಗಹನವಾದ ಚರ್ಚೆ ಶುರುವಾಯಿತು. ಪೋರ್ಷನ್ ಮುಗಿಸಿದವನಿಗೇ ಕೊಡಬೇಕೆಂದು ಹೆಡ್ ಮಾಸ್ಟ್ರು, ಎಲ್ಲರಿಗೂ ಹಂಚಬೇಕೆಂದು ಇನ್ನೊಬ್ಬರು.

ಭಾವ ಮಾತ್ರ ಆ ಕಡೆ ಕಿವಿಗೊಟ್ಟಿರಲಿಲ್ಲ. ಅವರು ಮೈದಾನದ ಅಂಚನ್ನೇ ನೋಡುತ್ತಿದ್ದರು. ಅಲ್ಲಿ ಫೇಲಾದ ಮಕ್ಕಳು ನೀರಿನ ಬಾಟಲಿ ಹಿಡಿದು ಸಾಲಾಗಿ ನಿಂತಿದ್ದರು, ಎಲ್ಲ ಶಾಲೆಗಳವರೂ. ನಮ್ಮ ಬಾಣ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಕಾಲಿನ ಹೆಬ್ಬೆರಳನ್ನು ಬಿಳಿ ಗೆರೆಗೆ ತಾಗಿಸಿ ನಿಂತಿದ್ದಳು. ಗೆರೆ ದಾಟಿರಲಿಲ್ಲ. ದಾಟಬಾರದೆಂದು ಹೇಳಿದ್ದೆವಲ್ಲ.

ಭಾವನ ಕಣ್ಣು ತುಂಬಿತು. ನಾನು ಹಿಂದೆಯೇ ಇದ್ದೆ, ಸುಳ್ಳು ಹೇಳುತ್ತಿಲ್ಲ. ಅವರು ಎದ್ದರು, ಕುರ್ಚಿಗೆ ಕಾಲು ತಾಗಿ ಎಡವಿದರು, ವೇದಿಕೆಯ ಮೆಟ್ಟಿಲನ್ನು ಬಿಟ್ಟು ಪಕ್ಕದಿಂದಲೇ ಕೆಳಗೆ ಹಾರಿದರು. ಸೀಟಿಯವರ ಕೈಯಿಂದ ಸೀಟಿ ಕಿತ್ತುಕೊಂಡು ಜೋರಾಗಿ ಊದಿದರು.

"ಫೇಲಾದವರೆಲ್ಲ ಬನ್ರೋ! ಗೆರೆ ಮೇಲೆ ನಿಲ್ರಿ!"

ಅಷ್ಟೊಂದು ಫೇಲಾದವರು ಒಟ್ಟಿಗೆ ಸಂತೋಷಪಟ್ಟದ್ದನ್ನು ನಾನು ಎಲ್ಲೂ ಕಂಡಿಲ್ಲ. ಬಾಟಲಿಗಳೆಲ್ಲ ನೆಲಕ್ಕೆ ಬಿದ್ದವು. ಸಾಹೇಬರು ವೇದಿಕೆಯ ಅಂಚಿಗೆ ಬಂದರು.

"ಏನ್ರೀ ಇದು? ಯಾರ ಅನುಮತಿ ತಗೊಂಡ್ರಿ?"

ಭಾವನ ಧೈರ್ಯ ಅಲ್ಲಿಗೆ ಮುಗಿದಿತ್ತು. ಬೆವರೊರೆಸಿಕೊಂಡರು. ಕೊನೆಗೆ ಅವರ ಬಾಯಿಂದ ಹೊರಟದ್ದು ಒಂದೇ ಪದ.

"ಮರು... ಮರುಪರೀಕ್ಷೆ ಸಾರ್."

"ಏನು?"

"ಇವರೆಲ್ಲ ಓಟದಲ್ಲಿ ಫೇಲಾದವರು ಸಾರ್. ಮರುಪರೀಕ್ಷೆ ತಗೋತಾ ಇದೀನಿ."

ಸಾಹೇಬರ ಮುಖದ ಗಂಟು ಸಡಿಲವಾಯಿತು. ಆದರೂ ಅವರು ಸಾಹೇಬರು. ನನ್ನ ಕಡೆ ತಿರುಗಿ, "ಮರುಪರೀಕ್ಷೇಲಿ ಬರೆಯೋ ಬದಲು ಓಡಿಸಬಹುದು ಅಂತ ನಿಯಮ ಇದೆಯೇನ್ರೀ?" ಎಂದರು.

"ಇದೆ ಸಾರ್," ಎಂದೆ.

ಅಂಥ ನಿಯಮ ಇರಲಿಲ್ಲ. ಆದರೆ ಕಾಗದದ ಕಟ್ಟು ಹಿಡಿದ ಗುಮಾಸ್ತನೊಬ್ಬ ಇದೆ ಎಂದ ಮೇಲೆ, ಎಲ್ಲಿದೆ ತೋರಿಸು ಎನ್ನುವ ಎದೆಗಾರಿಕೆ ಯಾವ ಸಾಹೇಬರಿಗೂ ಇರುವುದಿಲ್ಲ. "ನಿಯಮ ಇದ್ದರೆ ಸರಿ, ನಡೆಸಿ," ಎಂದು ಅವರು ಹೋಗಿ ಕೂತರು.

ಭಾವ ಗೆರೆಯ ಪಕ್ಕ ಹೋಗಿ ನಿಂತರು. ಗಂಟಲು ಸರಿಮಾಡಿಕೊಂಡು, ಬಾಣದ ಕಡೆ ನೋಡಿ, "ರೆಡಿ," ಎಂದರು. "ಒನ್. ಟೂ. ತ್ರೀ."

ಓಟವನ್ನು ವರ್ಣಿಸುವ ಶಕ್ತಿ ನನಗಿಲ್ಲ, ವರ್ಣಿಸಲು ಸಮಯವೂ ಇರಲಿಲ್ಲ. ನಾನು ಅಮ್ಮನಿಗೆ ಬೆರಳು ಮಾಡಿ ತೋರಿಸುವಷ್ಟರಲ್ಲಿ ಹುಡುಗಿ ರಿಬ್ಬನ್ನನ್ನು ಎದೆಯ ಮೇಲೆ ಹಾಕಿಕೊಂಡು, ಇನ್ನೂ ನಿಲ್ಲಲಾಗದೆ, ಮೈದಾನದ ಗೇಟಿನವರೆಗೂ ಹೋಗಿಬಿಟ್ಟಿದ್ದಳು. ದಾರಿಯಲ್ಲಿ ಕೈಕಟ್ಟಿ ನಿಂತಿದ್ದ ಪೀಠಿಕೆಯ ಕನ್ನಡಕ ಗಾಳಿಗೆ ಓರೆಯಾಗಿತ್ತು. ಮುಂದಿನ ಸಾಲಿನಲ್ಲಿ ಅಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು ಸೀಟಿ ಹೊಡೆದಳು. ಅಮ್ಮನಿಗೆ ಸೀಟಿ ಹೊಡೆಯಲು ಬರುತ್ತದೆಂಬುದು ನನಗೂ ಅಕ್ಕನಿಗೂ ಅಂದೇ ತಿಳಿದದ್ದು.

"ಯಾರು ಈ ಹುಡುಗಿ?" ಎಂದರು ಸಾಹೇಬರು.

"ನಮ್ಮ ಶಾಲೆಯವಳೇ ಸಾರ್," ಎಂದರು ಹೆಡ್ ಮಾಸ್ಟ್ರು. "ಕಪ್ಪು ಇವಳಿಗೇ ಕೊಡಬಹುದಾ ಸಾರ್?"

"ಅದು ಹೇಗೆ ಬರುತ್ತೆ? ಮರುಪರೀಕ್ಷೇಲಿ ರ‍್ಯಾಂಕ್ ಇಲ್ಲ. ಬರೀ ಪಾಸು."

ಕಪ್ಪು ಪೋರ್ಷನ್ ಮುಗಿಸಿದ ಪೀಠಿಕೆಗೆ ಹೋಯಿತು. ಭಾವ ಬಾಣದ ಹತ್ತಿರ ಹೋಗಿ ಸಂಕೋಚದಿಂದ, "ಪಾಸಮ್ಮ ನೀನು. ಅಷ್ಟೇ ಆಗಿದ್ದು" ಎಂದರು.

"ಪಾಸಾ ಸಾರ್? ನಾನಾ?" ಎಂದಳು. ಯಾವುದರಲ್ಲೂ ಪಾಸಾದವಳಲ್ಲ. ಆ ಸುದ್ದಿ ಹೇಳಲು ಮನೆಯವರೆಗೂ ಓಡಿದಳಂತೆ, ಚಪ್ಪಲಿ ಮೈದಾನದಲ್ಲೇ ಬಿಟ್ಟು.

ಇಲಾಖೆ ಎಂದರೆ ಇಲಾಖೆ. ಮರುವಾರವೇ ಆದೇಶ ಬಂತು. ಪೀಟಿಯಲ್ಲಿ ಫೇಲಾದವರಿಗೆ ಪ್ರತಿ ಗುರುವಾರ ಮೈದಾನದಲ್ಲಿ ಮರುಪರೀಕ್ಷೆ. ಪಾಸಾದವರು ತರಗತಿಯಲ್ಲಿ ಕೂತು ಮುಂದಿನ ಪೋರ್ಷನ್ ಬರೆದುಕೊಳ್ಳತಕ್ಕದ್ದು. ಮೈದಾನ ಈಗ ಪರೀಕ್ಷಾ ಕೇಂದ್ರವಾದ್ದರಿಂದ ಇಟ್ಟಿಗೆಯನ್ನೂ ಸ್ಕೂಟರುಗಳನ್ನೂ ಕೂಡಲೇ ತೆರವು ಮಾಡತಕ್ಕದ್ದು. ಪರೀಕ್ಷಾ ಸಾಮಗ್ರಿ ಎಂಬ ಬಾಬಿನಲ್ಲಿ ಹೊಸ ಚೆಂಡುಗಳೂ ಬಂದವು. ಭಾವ ಬಿಳಿ ಪುಡಿ ತಂದು ತಾವೇ ಗೆರೆ ಎಳೆದರು.

ಮೊದಲ ಗುರುವಾರ, ಕೂಟದ ಮರುಪರೀಕ್ಷೆಯಲ್ಲೂ ಫೇಲಾದವರು ಕುಣಿಯುತ್ತ ಮೈದಾನಕ್ಕೆ ಇಳಿದರು. ಪಾಸಾದವರು ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತರು. ಅವರಲ್ಲಿ ಬಾಣವೂ ಇದ್ದಳು. ಪೀರಿಯಡ್ಡು ಮುಗಿಯುತ್ತಲೇ ಭಾವನ ಎದುರು ಬಂದು ನಿಂತಳು. ಕಣ್ಣಲ್ಲಿ ನೀರಿತ್ತು.

"ಸಾರ್, ನನ್ನ ಫೇಲ್ ಮಾಡ್ಬಿಡಿ."

"ಪಾಸಾದವರನ್ನ ಫೇಲ್ ಮಾಡಕ್ಕಾಗಲ್ಲಮ್ಮ," ಎಂದರು ಭಾವ. ಅವರಿಗೂ ಅಳು ಬಂದಿತ್ತು. "ಅರ್ಧವಾರ್ಷಿಕ ಪರೀಕ್ಷೆವರೆಗೂ ಕಾಯ್ಬೇಕು."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಕಣ್ಣೊರೆಸಿಕೊಂಡು ತರಗತಿಗೆ ಹೋದಳು. ಒಳಗೆ ಹೋಗಿ ಪೀಠಿಕೆಯ ಬೆಂಚಿನಲ್ಲಿ ಕೂತು ಅವನ ಜೊತೆ ಏನೋ ಮಾತಾಡಿದಳು. ಅವನು ಮೊದಲು ಬೆಚ್ಚಿಬಿದ್ದ, ಆಮೇಲೆ ಕಿಟಕಿಯಾಚೆ ನೋಡಿದ.

ಅರ್ಧವಾರ್ಷಿಕ ಪರೀಕ್ಷೆ ಮುಗಿಯಿತು. ಭಾವ ಪೀಟಿಯ ಉತ್ತರಪತ್ರಿಕೆಗಳನ್ನು ಕಚೇರಿಯಲ್ಲೇ ಬಿಚ್ಚಿದರು. ಮೊದಲ ಹಾಳೆ ಖಾಲಿ. ಎರಡನೆಯದು ಖಾಲಿ. ಇಡೀ ಶಾಲೆಯ ಹಾಳೆಗಳೂ ಖಾಲಿ. ಪೀಠಿಕೆ ಮಾತ್ರ ಅಭ್ಯಾಸಬಲದಿಂದ ‘ಪೀಠಿಕೆ’ ಎಂದು ಬರೆದು, ಎಚ್ಚೆತ್ತುಕೊಂಡು, ಅದರ ಮೇಲೆ ಅಡ್ಡಗೆರೆ ಎಳೆದಿದ್ದ.

ಊರು ಎದ್ದು ಕೂತಿತು. ಗಣಿತದ ಮೇಷ್ಟ್ರು ಟ್ಯೂಷನ್ನಿನ ಮರ್ಯಾದೆ ಹೋಯಿತೆಂದು ಬಾಗಿಲು ಹಾಕಿಕೊಂಡರು. ವಕೀಲರು ಕೋಟು ಹಾಕಿಕೊಂಡು ಬಂದು, ಖಾಲಿ ಹಾಳೆಗೆ ಅರ್ಧ ಅಂಕವಾದರೂ ಹಾಕಲು ಸಾಧ್ಯವೇ ಎಂದು ಕೇಳಿದರು. ಹೆಡ್ ಮಾಸ್ಟ್ರು ತಲೆಯ ಮೇಲೆ ಕೈಹೊತ್ತು ಸಾಹೇಬರಿಗೆ ಫೋನು ಮಾಡಿದರು. ಸಾಹೇಬರು ಬಹಳ ಹೊತ್ತು ಯೋಚಿಸಿ, ನಿಯಮ ನಿಯಮವೇ ಎಂದರು. ಇಡೀ ಶಾಲೆಗೆ ಮರುಪರೀಕ್ಷೆ. ಮಕ್ಕಳ ಸಂಖ್ಯೆ ಹೆಚ್ಚಿದ್ದರಿಂದ ಗುರುವಾರ ಸಾಲದೆ ಗಣಿತದಿಂದಲೂ ಕೆಲವು ಪೀರಿಯಡ್ಡು ತೆಗೆದುಕೊಳ್ಳಬೇಕಾಯಿತು.

ಅಂದಿನಿಂದ ನಮ್ಮ ಮೈದಾನದಲ್ಲಿ ಮರುಪರೀಕ್ಷೆ ನಡೆಯುತ್ತಿದೆ. ಧೂಳೆದ್ದು ನನ್ನ ಟೈಪ್ ಮಷಿನ್ನಿನ ಮೇಲೆಲ್ಲ ಕೂರುತ್ತದೆ. ಮೊಣಕಾಲು ತರಚಿಕೊಂಡವರು ಔಷಧಿಗೆ ನನ್ನ ಕಚೇರಿಗೇ ಬರುತ್ತಾರೆ. ಪೀಠಿಕೆ ಮೊನ್ನೆ ಬಿದ್ದು ಹಲ್ಲು ಮುರಿದುಕೊಂಡು, ಅದನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗೂ ತೋರಿಸುತ್ತ ತಿರುಗಿದ. ಇಷ್ಟೆಲ್ಲ ಆಗುತ್ತಿದ್ದರೂ ಭಾವ ಒಬ್ಬರನ್ನೂ ಪಾಸು ಮಾಡಿಲ್ಲ. ಯಾವಾಗ ಮಾಡುತ್ತೀರಿ ಎಂದು ಹೆಡ್ ಮಾಸ್ಟ್ರು ಕೇಳಿದರೆ ಗಂಭೀರವಾಗಿ ತಲೆಯಾಡಿಸಿ, "ಇನ್ನೂ ತಯಾರಿ ಸಾಲದು ಸಾರ್" ಎನ್ನುತ್ತಾರೆ.

ನಿನ್ನೆಯೂ ಎಲ್ಲರಿಗಿಂತ ಮೊದಲು ಓಟ ಮುಗಿಸಿದ ಬಾಣ ಅವರ ಮುಂದೆ ಬಂದು ನಿಂತಳು.

"ಸಾರ್, ನಾನು?"

"ಫೇಲು," ಎಂದರು ಭಾವ.

ಹುಡುಗಿ ಹಲ್ಲು ಕಿರಿದು, ಮತ್ತೆ ಗೆರೆಯ ಕಡೆ ಓಡಿದಳು.